ಮೊಣಕೈ ಎತ್ತಿದ ನೆರಳು

ಅಪ್ಪಾ,

ನೀನಿಲ್ಲದೆ ನಡೆದ ತಂಗಿಯ ಮದುವೆಯ ಫೋಟೋಗೆ ನಿನ್ನನ್ನು ಕಂಪ್ಯೂಟರಿನಲ್ಲಿ ಸೇರಿಸಿದೆ. ಅಮ್ಮ ನೋಡಿ, “ಇದೇನೋ, ಗಾಳೀಲಿ ತೇಲ್ತಿದ್ದಾರೆ! ನೆರಳೆಲ್ಲಿ?” ಎಂದಳು.

ನಿನ್ನ ನೆರಳಿಗೇನು ಬರ? ಬಿಸಿಲಿಗೆ ಬೆನ್ನು ಹಾಕಿ ನೀನು ತೆಗೆದ ಫೋಟೋಗಳಲ್ಲೆಲ್ಲ ಅದು ನಮ್ಮ ಕಾಲ ಬಳಿ ಬಿದ್ದಿದೆ. ಒಂದನ್ನು ಕತ್ತರಿಸಿ ಅಂಟಿಸಿದೆ. ನೋಡಿದರೆ ನೀನು ಕೈಕಟ್ಟಿ ನಿಂತಿದ್ದೀಯ, ನೆರಳು ಮೊಣಕೈ ಎತ್ತಿ ಕ್ಯಾಮೆರಾ ಹಿಡಿದಿದೆ!

ಚಿಕ್ಕಪ್ಪ ಬಿದ್ದು ಬಿದ್ದು ನಕ್ಕರು. ಅಮ್ಮ ನಗಲಿಲ್ಲ. “ಇವರು ಯಾವತ್ತು ಕೈಕಟ್ಟಿ ನಿಂತಿದ್ರು? ನೆರಳೇ ಸರಿ ಇದೆ ಕಣೋ. ಆ ಮನುಷ್ಯನ್ನ ತೆಗೆದುಬಿಡು.”

ತೆಗೆದೆ. ಈಗ ಫೋಟೋದಲ್ಲಿ ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ. ನಾನು ಮಾತ್ರ ಎಂದಿನಂತೆ ಕಣ್ಣು ಮುಚ್ಚಿಬಿಟ್ಟಿದ್ದೇನೆ.

ಬೈದುಕೊಂಡೇ ಇನ್ನೊಂದು ಸಲ ತೆಗಿ, ಅಪ್ಪಾ.