ಮುತ್ತಜ್ಜನ ಹಾಡಿಗೆ ಅಜ್ಜಿಯ ಅಪ್ಪಣೆ ಕೋರಿ

ವುಡ್‌ಲ್ಯಾಂಡ್ಸ್ ಫ್ಲಾಟಿನ ಚಕ್ರವರ್ತಿನಿ ಪದ್ಮಿನಿ ಅಜ್ಜಿಯವರ ದಿವ್ಯಪಾದಗಳಿಗೆ (ಮಂಡಿನೋವಿನ ಕಡೆ ಸ್ವಲ್ಪ ಮೆಲ್ಲಗೆ) ಮೊಮ್ಮಗ ನೀರಜನ ಸಾಷ್ಟಾಂಗ.

ತಾವು ನನ್ನ ಜೊತೆ ಮಾತು ಬಿಟ್ಟಿರುವುದರಿಂದ ಈ ಲಿಖಿತ ಮನವಿ. ತಮ್ಮ ತಂದೆಯವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದರೆಂದು ಇಷ್ಟು ವರ್ಷ ಎಲ್ಲರನ್ನೂ ನಂಬಿಸಿದಿರಿ. ಅವರು ನಾಟಕ ಕಂಪನಿಗಳಿಗೆ ಹಾಡು ಬರೆದೇ ಸಂಸಾರ ಸಾಕಿದ್ದೆಂದು ಮೊನ್ನೆ ಅಮ್ಮ ಬಾಯಿಬಿಟ್ಟಳು. ಕೇಳಿದರೆ, "ಬಣ್ಣ ಹಚ್ಚೋರ ಜೊತೆ ಊರೂರು ಅಲೆದೋರು. ಅದೇನು ಹೇಳ್ಕೊಳ್ಳೋ ವಿಷಯವೇನೋ?" ಅಂದಿರಿ, ಅಲ್ಲಿಂದ ಮಾತು ಬಂದ್.

ಅಜ್ಜಿ, ಅವರು ಬರೆದದ್ದೆಂದು ಅಮ್ಮ ಹೇಳಿದ ಒಂದು ಹಾಡಿನ ಗ್ರಾಮಾಫೋನ್ ತಟ್ಟೆ ಮೈಸೂರಿನ ಒಬ್ಬರ ಹತ್ತಿರ ಸಿಕ್ಕಿತು. ರೆಕಾರ್ಡಿಂಗ್ ಕಳಿಸಿದ್ದಾರೆ. ನೀನು ಸಾರು ಕುದಿಸುವಾಗ ಗುನುಗೋದು ಅದನ್ನೇ, ಇಲ್ಲಿಯವರು ಮಾತಿನ ಕೊನೆಗೆ ಎಳೆಯೋ ಹಾಗೆ ಹೇಳೋದಾದರೆ, ಲಾ. ನನ್ನ ಹತ್ತಿರ ನಾಟಕ ಆಡಬೇಡ. ಶನಿವಾರ ಲಿಟಲ್ ಇಂಡಿಯಾದಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದಾಗ ಹಾಕಬೇಕೆಂದಿದ್ದೇನೆ. ನೀನು ಬೇಡ ಅಂದರೆ ಹಾಕಲ್ಲ.

ಹಾಡು ಮುಗಿದ ಕೂಡಲೇ ಹಾಡಿದಾಕೆ ತನ್ನ ಹೆಸರು ಹೇಳುತ್ತಾಳೆ. ಆಮೇಲೆ ಬರೀ ಮುಳ್ಳು ಕೆರೆಯುವ ಸದ್ದು. ಬರೆದವರ ಹೆಸರು ಎಲ್ಲೂ ಇಲ್ಲ. ಆಗ ಮೈಕ್ ನಿನ್ನ ಕೈಗೆ ಕೊಡಲಾ? ಹೆಸರನ್ನು ನಾನೂ ಹೇಳಬಹುದು. ಆದರೆ "ಇವರು ನಮ್ಮಪ್ಪ" ಅಂತ ಹೇಳೋಕೆ ಉಳಿದಿರೋದು ನೀನೊಬ್ಬಳೇ.

ತಮ್ಮ ಆಜ್ಞಾಧಾರಕ ತರಲೆ,
ನೀರಜ್