ಶಾರೋನಳ ಹಾಲಿನ ಪುಡಿ ಡಬ್ಬ

ಕುಂದಾಣ
14 ನವೆಂಬರ್ 2024

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಪ್ರಿಸಿಲ್ಲಾ ಮಾಡುವ ನಮಸ್ಕಾರ. ಕರ್ತನ ನಾಮದಲ್ಲಿ ವಂದನೆ ಎಂದು ಶುರು ಮಾಡಬೇಕೆಂದು ನೀನು ಕಲಿಸಿದ್ದೆ. ಕೈ ಇನ್ನೂ ಒಪ್ಪುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅನುಗೊಂಡನಹಳ್ಳಿಯಲ್ಲಿರುವ ನಿನ್ನ ಕಿವಿಗೆ ಬೀಳಬೇಕೆಂದರೆ ನಾನು ಕೂಗಬೇಕು, ಕೂಗಿದರೆ ನಿನ್ನ ಅಳಿಯನಿಗೂ ಪಕ್ಕದ ಮನೆ ಮುತ್ಯಾಲಮ್ಮನಿಗೂ ಕೇಳುತ್ತದೆ. ಇದು ಸದ್ಯಕ್ಕೆ ನಿನ್ನೊಬ್ಬಳಿಗೇ ಹೇಳುವ ವಿಷಯ.

ವಿಷಯ ಒಂದು ಡಬ್ಬದ್ದು. ನಗಬೇಡ.

ಅಕ್ಕಿ ತೊಳೆಯುವ ಮೊದಲು ನೀನು ಒಂದು ಹಿಡಿ ತೆಗೆದು ಮಡಕೆಗೆ ಹಾಕುತ್ತಿದ್ದೆಯಲ್ಲ, ಭಾನುವಾರ ಚರ್ಚಿಗೆ ಒಯ್ದು ಇಲ್ಲದವರಿಗೆ ಹಂಚಲಿಕ್ಕೆ. ಹಾಕುವಾಗ ಮನೆಯಲ್ಲಿ ಯಾರಾದರೊಬ್ಬರ ಹೆಸರು ಹೇಳುತ್ತಿದ್ದೆ. ಪರೀಕ್ಷೆಯ ದಿನ ನನ್ನ ಹೆಸರು ಬಂತೋ ಇಲ್ಲವೋ ಎಂದು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಮದುವೆಯಾಗಿ ಬಂದ ಮೇಲೆ ಆ ಅಭ್ಯಾಸ ನನ್ನ ಕೈಗೂ ಅಂಟಿತು. ಶಾರೋನ್ ಹುಟ್ಟಿದ ಮೇಲೆ ಅವಳ ಹಾಲಿನ ಪುಡಿಯ ಖಾಲಿ ಡಬ್ಬವನ್ನೇ ಒಲೆಯ ಪಕ್ಕ ಇಟ್ಟುಕೊಂಡೆ.

ಅವಳು ಹೋದ ಮೇಲೆ ನಾವು ಚರ್ಚಿನ ಕಡೆ ತಲೆ ಹಾಕಲಿಲ್ಲ. ಯಾಕೆಂದು ನಿನಗೆ ನಾನು ಪೂರ್ತಿ ಹೇಳಿರಲಿಲ್ಲ. ಎರಡು ವರ್ಷದ ಮಗುವನ್ನು ಮಣ್ಣಿಗಿಟ್ಟು ಬಂದ ವಾರವೇ ಸಭೆಯ ಹಿರಿಯರೊಬ್ಬರು ಮನೆಗೆ ಬಂದು, ನಿಮ್ಮ ಪ್ರಾರ್ಥನೇಲೇ ಏನೋ ಕೊರತೆ ಇತ್ತು ಕಣಪ್ಪಾ ಅಂದರು. ಇವರು, ನಿನ್ನ ಅಳಿಯ, ಕಾಫಿ ಲೋಟ ಕೆಳಗಿಟ್ಟು, ಎದ್ದೋಗಿ ಸ್ವಾಮಿ, ಇನ್ಮೇಲೆ ಈ ಮನೇಲಿ ದೇವ್ರ ಹೆಸರು ಎತ್ಬೇಡಿ ಅಂದರು. ಗೋಡೆಯ ಮೇಲಿನ ದೇವರ ವಾಕ್ಯದ ಕ್ಯಾಲೆಂಡರ್ ಇಳಿಯಿತು, ಬೈಬಲ್ ಟ್ರಂಕು ಸೇರಿತು. ಮಗುವಿನ ಹೆಸರನ್ನೂ ನಾವಿಬ್ಬರು ಬಾಯಿಬಿಟ್ಟು ಹೇಳುವುದು ನಿಂತುಹೋಯಿತು. ನನಗೂ ದೇವರ ಮೇಲೆ ಸಿಟ್ಟಿತ್ತು ಅಮ್ಮ. ಈಗಲೂ ಇದೆ.

ಆದರೆ ಅದನ್ನು ಕೈಗೆ ಹೇಳುವವರು ಯಾರು? ಸಂಜೆ ಅಕ್ಕಿ ತೆಗೆದಾಗ ಅದು ತನ್ನಷ್ಟಕ್ಕೆ ತಾನೇ ಒಂದು ಹಿಡಿ ಡಬ್ಬಕ್ಕೆ ಹಾಕಿಬಿಡುತ್ತದೆ. ಪ್ರಾರ್ಥನೆಯೂ ಇಲ್ಲ, ಹೆಸರೂ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಡಬ್ಬ ತುಂಬಿದಾಗ ಮುತ್ಯಾಲಮ್ಮನ ಕೋಳಿಗಳಿಗೆ ಸುರಿದು ಬರುತ್ತೇನೆ.

ಈಚೆಗೆ ಡಬ್ಬ ಬೇಗ ಬೇಗ ತುಂಬತೊಡಗಿತು. ನನಗೇ ಮರೆವು ಅಂದುಕೊಂಡೆ. ಆಮೇಲೆ, ಕಡ ತೆಗೆದುಕೊಂಡ ಅಕ್ಕಿಯನ್ನು ಮುತ್ಯಾಲಮ್ಮ ಹೇಳದೆ ತಂದು ಸುರಿದಳೇನೋ ಎಂದು ಅವಳನ್ನೇ ಕೇಳಿದೆ. ಅಕ್ಕಿ ಕದಿಯೋರ್ನ ಕಂಡಿವ್ನಿ, ಅಕ್ಕಿ ಹಾಕಿ ಹೋಗೋ ಕಳ್ಳ ಎಲ್ಲವ್ನೆ ತೋರ್ಸವ್ವ ಅಂತ ಹಲ್ಲು ಕಿರಿದಳು. ನನ್ನ ಕುತೂಹಲ ನಿನಗೆ ಗೊತ್ತೇ ಇದೆ. ಒಂದು ಸಂಜೆ ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿ ಮುಚ್ಚಳ ಹಾಕಿದೆ. ಮರುದಿನ ಗುಲಾಬಿ ತೋಟದ ಕೆಲಸ ಮುಗಿಸಿ ಬಂದು ನೋಡಿದರೆ ನಡುವೆ ಒಂದು ಗುಡ್ಡೆ. ನನ್ನ ಹಿಡಿಗಿಂತ ದೊಡ್ಡ ಹಿಡಿ.

ಹೂ ಕೊಯ್ಯಲು ನಾನು ಬೇಗ ಹೋಗುವುದರಿಂದ ಬೆಳಗ್ಗೆ ಅನ್ನಕ್ಕಿಡುವವರು ಇವರೇ. ಆದರೂ ನಂಬಿಕೆ ಬರಲಿಲ್ಲ. ಮೊನ್ನೆ ತೋಟದ ವ್ಯಾನು ಕೆಟ್ಟು ಅರ್ಧ ದಾರಿಯಿಂದ ವಾಪಸು ಬಂದೆ. ಅಡುಗೆಮನೆಯ ಕಿಟಕಿಯಲ್ಲಿ ಇವರ ಬೆನ್ನು ಕಂಡಿತು. ಹಿಡಿಯಲ್ಲಿ ಅಕ್ಕಿ ಹಿಡಿದು ಡಬ್ಬದ ಮುಂದೆ ಸುಮ್ಮನೆ ನಿಂತಿದ್ದರು. ಆಮೇಲೆ ಮೆಲ್ಲಗೆ ಶಾರೋನ್ ಅಂದರು. ನಮ್ಮ ಶಾರೋನ್ ಅಂದರು. ಅಕ್ಕಿ ಬಿದ್ದ ಸದ್ದು ಕೇಳಿತು.

ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಇವರ ಮನೆಯಲ್ಲಿ ಹಿಡಿ ಅಕ್ಕಿಯ ಪದ್ಧತಿಯೇ ಇರಲಿಲ್ಲ. ಹೆಸರು ಹೇಳಿ ಹಾಕಬೇಕೆಂದು ಇವರಿಗೆ ಕಲಿಸಿದವರು ಯಾರು? ನೀನೇನಾದರೂ ಹೇಳಿಕೊಟ್ಟೆಯಾ? ನಿಜ ಹೇಳು. ನಾನೇ ಕೇಳೋಣವೆಂದರೆ, ಸಿಕ್ಕಿಬಿದ್ದ ನಾಚಿಕೆಗೆ ಇವರು ಅದನ್ನೂ ನಿಲ್ಲಿಸಿಬಿಟ್ಟರೆ ಎಂಬ ಭಯ. ನನಗೆ ಚರ್ಚಿಗೆ ವಾಪಸು ಬರಬೇಕು ಅನ್ನಿಸುತ್ತಿದೆ ಅಮ್ಮ. ಇವರನ್ನು ಬಿಟ್ಟು ಒಬ್ಬಳೇ ಬರಲಾರೆ. ಕೇಳಲೋ ಬಿಡಲೋ, ಎರಡು ಸಾಲು ಬರೆದು ತಿಳಿಸು.

ನಿನ್ನ ಮಗಳು,
ಪ್ರಿಸಿಲ್ಲಾ

ಮರೆಯುವ ಮುಂಚೆ: ಕಾಗದ ಅಂಟಿಸುವಷ್ಟರಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ. ಕಲಿಸಿದ್ದು ನೀನಲ್ಲ, ನಾನಂತೆ. ಮಗುವಿನ ಹೆಸರು ಹೇಳಿ ಹಾಕುತ್ತಿದ್ದುದನ್ನು ಇವರು ಆಗ ನೋಡುತ್ತಿದ್ದರಂತೆ. ಅವಳು ಹೋದ ಮೇಲೂ ನನ್ನ ಕೈ ಡಬ್ಬಕ್ಕೆ ಹೋಗುವುದನ್ನು ಕಂಡು, ನೀನು ಪ್ರಾರ್ಥನೆ ಬಿಟ್ಟಿಲ್ಲ ಅಂದ್ಕೊಂಡೆ ಕಣೇ, ನಿನ್ನ ನಂಬ್ಕೊಂಡೇ ನಾನೂ ಶುರು ಮಾಡ್ದೆ ಅಂದರು. ಅದು ಬರೀ ಅಭ್ಯಾಸ ಎನ್ನಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ಈಗ ಅದು ನಿಜವೋ ಅಲ್ಲವೋ ನನಗೇ ತಿಳಿಯದು. ಕೋಳಿಯ ವಿಷಯ ಮಾತ್ರ ಹೇಳಿದೆ, ಕಣ್ಣೊರೆಸಿಕೊಂಡು ನಕ್ಕರು.

ಭಾನುವಾರ ಇಬ್ಬರೂ ನಿನ್ನ ಚರ್ಚಿಗೆ ಬರುತ್ತೇವೆ. ಬಾಗಿಲ ಹತ್ತಿರದ ಬೆಂಚಿನಲ್ಲೇ ಜಾಗ ಹಿಡಿ, ಇವರಿಗೆ ಎದ್ದುಹೋಗಬೇಕು ಅನ್ನಿಸಿದರೆ ಅನುಕೂಲ. ಡಬ್ಬ ತರುತ್ತೇವೆ. ಈ ಸಂಜೆ ಅಕ್ಕಿ ಹಾಕುವಾಗ ಅವಳ ಹೆಸರು ನಾನೇ ಗಟ್ಟಿಯಾಗಿ ಹೇಳಿದೆ. ಮುತ್ಯಾಲಮ್ಮನಿಗೂ ಕೇಳಿರಬೇಕು.