ಮೆಗಲನ್‌ನನ್ನು ಕೊಂದವರನ್ನು ನನಗೆ ವಾಪಸ್ ಕೊಡಿ

ಮಾನ್ಯ ಉತ್ಸವಾಧಿಕಾರಿಗಳೇ,

ಪ್ರತಿ ಏಪ್ರಿಲ್‌ನಲ್ಲಿ ಮಕ್ತಾನ್ ದ್ವೀಪದ ನಮ್ಮ ಕೇರಿಯ ಕಡಲತೀರದಲ್ಲಿ ಸಾಯುವ ಹಕ್ಕನ್ನು ತಾವು ನನ್ನಿಂದ ಕಿತ್ತುಕೊಂಡಿದ್ದೀರಿ. ಅದಕ್ಕೇ ಈ ಪತ್ರ.

ನಾನು ಗಿಟಾರ್ ಅಂಗಡಿಯವನು. ವರ್ಷಕ್ಕೊಂದು ದಿನ, ತಮ್ಮ ಉತ್ಸವದ ಯುದ್ಧದಾಟದಲ್ಲಿ, ಐನೂರು ವರ್ಷದ ಹಿಂದೆ ಇಲ್ಲಿ ಸತ್ತ ವಿದೇಶಿ ನಾವಿಕ ಮೆಗಲನ್. ಪಾತ್ರ ಸಿಕ್ಕಿದ್ದು ಅಭಿನಯದಿಂದಲ್ಲ, ಮೂಗಿನಿಂದ. ಇಷ್ಟುದ್ದದ ಮೂಗು ಕೇರಿಯಲ್ಲಿ ಇನ್ನೊಬ್ಬರಿಗಿಲ್ಲ. ತಗಡಿನ ಕವಚ ಬಿಗಿಯುವಾಗ, ಶಾಲೆಯಲ್ಲಿ ಚರಿತ್ರೆ ಕಲಿಸುವ ನನ್ನ ಹೆಂಡತಿ ಕ್ರಿಸಿಂಗ್ ಪ್ರತಿ ವರ್ಷವೂ ಕೇಳುತ್ತಾಳೆ: "ಉಸಿರು ಎಳ್ಕೊಳ್ರೀ! ತಿಂಗಳುಗಟ್ಟಲೆ ಉಪವಾಸ ಬಿದ್ದು ಸಮುದ್ರ ದಾಟಿದೋನ ಹೊಟ್ಟೇನಾ ಇದು?"

ಮೊದಲೆಲ್ಲ ಮೀನುಗಾರರ ಗುಂಪೇ ನೀರಿಗಿಳಿದು ನನ್ನನ್ನು ಮುಗಿಸುತ್ತಿತ್ತು. ಈ ವರ್ಷ ಟೀವಿಯವರು ಬರುತ್ತಾರೆಂದು ತಾವು ಅವರನ್ನೆಲ್ಲ ಕೈಬಿಟ್ಟು, ಅಂದು ಮೆಗಲನ್‌ನನ್ನು ಸೋಲಿಸಿದ ನಮ್ಮ ದ್ವೀಪದ ದೊರೆ ಲಾಪುಲಾಪುವಿಗೂ ನನಗೂ ದ್ವಂದ್ವಯುದ್ಧ ಏರ್ಪಡಿಸಿದಿರಿ. ಅಂಥ ದ್ವಂದ್ವ ನಡೆದದ್ದಾದರೂ ಎಲ್ಲಿ, ಮಾನ್ಯರೇ? ಮೆಗಲನ್ ಜೊತೆ ಬಂದು ಬದುಕುಳಿದವನು ಬರೆದಿಟ್ಟಿರುವುದರಲ್ಲಿ ಕಾಣುವುದು ಹೆಸರಿಲ್ಲದ ಜನ. ಒಬ್ಬ ಈಟಿಯಿಂದ ಮುಖಕ್ಕೆ ತಿವಿದ, ಇನ್ನೊಬ್ಬ ಕಾಲು ಕಡಿದ, ಬೋರಲು ಬಿದ್ದವನ ಮೇಲೆ ಎಲ್ಲರೂ ಮುಗಿಬಿದ್ದರು. ಗೆಲುವು ಲಾಪುಲಾಪುವಿನದೇ, ಸಂಶಯವಿಲ್ಲ. ಕೊಂದ ಕೈ ಅವನದೆಂದು ಮಾತ್ರ ಅದರಲ್ಲಿಲ್ಲ.

ಲಾಪುಲಾಪು ವೇಷದ ದೋಲ್ಫೋ ಕೂಡ ಆ ಬೆಳಗ್ಗೆ ಮುಖ ಸಣ್ಣದು ಮಾಡಿಕೊಂಡಿದ್ದ. "ಅಣ್ಣಾ, ಎಷ್ಟೋ ವರ್ಷದಿಂದ ನಿಮ್ಮನ್ನ ಕೊಲ್ತಾ ಇದ್ದೋರು ನಮ್ಮಪ್ಪ. ಈಗ ದಡದಲ್ಲಿ ಕೂತು ಚಪ್ಪಾಳೆ ಹೊಡೀಬೇಕಂತೆ. ನನ್ ಹತ್ರ ಮಾತೇ ಬಿಟ್ಟಿದ್ದಾರೆ."

ಆದರೂ ನಾನು ಹೇಳಿದಂತೆ ಕೇಳಿ ಸತ್ತೆ. ಅಷ್ಟರಲ್ಲಿ ತಮ್ಮ ನಿರೂಪಕರು ಧ್ವನಿವರ್ಧಕದಲ್ಲಿ, "ಭೂಮಿ ದುಂಡಗಿದೆಯೆಂದು ಸಾಧಿಸಲು ಹೊರಟು, ಜಗತ್ತನ್ನು ಮೊಟ್ಟಮೊದಲು ಸುತ್ತಿದ ಮಹಾನಾವಿಕ ಇಗೋ ಬಿದ್ದ!" ಎಂದರು. ನಾನೂ ಬಹುಕಾಲ ಹಾಗೆಂದೇ ನಂಬಿ, ಜಗತ್ತು ಸುತ್ತಿದವನ ಠೀವಿಯಲ್ಲಿ ಮಾರುಕಟ್ಟೆ ಸುತ್ತುತ್ತಿದ್ದೆ. ಕ್ರಿಸಿಂಗ್ ನನ್ನ ಗಾಳಿ ತೆಗೆದಿದ್ದಳು: ಭೂಮಿ ದುಂಡಗಿರುವುದು ಓದಿದವರಿಗೆ ಮೊದಲೇ ಗೊತ್ತಿತ್ತು; ಅವನು ಹೊರಟದ್ದು ಸಾಂಬಾರ ಪದಾರ್ಥಗಳ ದ್ವೀಪಕ್ಕೆ; ಸುತ್ತು ಮುಗಿಸಿದ ಹಡಗಿನ ನಾಯಕ ಬೇರೊಬ್ಬ. ನಾಲಿಗೆ ತಡೆಯಲಾಗಲಿಲ್ಲ. ನೀರಿನಿಂದ ತಲೆಯೆತ್ತಿ ಕೂಗಿದೆ: "ರೀ, ಎಲ್ಲಿ ಸುತ್ತಿದೆ? ಅರ್ಧ ದಾರೀಲೇ ಸತ್ತು ಬಿದ್ದಿದ್ದೀನಲ್ಲ!"

ದಡವೆಲ್ಲ ನಗು. ದೋಲ್ಫೋನ ಅಪ್ಪ, ಮುದುಕ ಸಿಪ್ರಿಯಾನೋ, ಎದ್ದು ನಿಂತರು. "ಹೆಣ ಮಾತಾಡ್ತಿದೆ ಕಣ್ರೋ! ಒಬ್ನೇ ಹೊಡೆದ್ರೆ ಇವ್ನು ಎಲ್ಲಿ ಸಾಯ್ತಾನೆ? ಬನ್ನಿ!" ಹಳೆಯ ಮೀನುಗಾರರೆಲ್ಲ ಛತ್ರಿ, ಹುಟ್ಟು, ಕೈಗೆ ಸಿಕ್ಕಿದ್ದನ್ನು ಹಿಡಿದು ನೀರಿಗೆ ಹಾರಿದರು. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಕೊಂದಿರಲಿಲ್ಲ. ಅಪ್ಪ ಮಗ ಇಬ್ಬರೂ ಸೇರಿ ನನ್ನನ್ನು ಮುಳುಗಿಸುತ್ತಾ ನಗುತ್ತಿದ್ದರು. ಕವಚ ಕಳಚಿ ಅಲೆಯ ಪಾಲಾಯಿತು. ಹೊಟ್ಟೆ ಟೀವಿಯಲ್ಲಿ ಬಂತು. ಮರುದಿನ ತಾವು, "ಶಿಸ್ತಿಲ್ಲದ ಹೆಣ ನಮಗೆ ಬೇಡ" ಎಂದು ಹೇಳಿಕಳಿಸಿದಿರಿ.

ಆಯಿತು, ಒಪ್ಪಿದೆ. ನನಗಿಂತ ಉದ್ದ ಮೂಗಿನವನನ್ನು, ಸತ್ತ ಮೇಲೆ ಸುಮ್ಮನಿರುವವನನ್ನು ಹುಡುಕಿಕೊಳ್ಳಿ. ಆದರೆ ಮುಂದಿನ ಏಪ್ರಿಲ್‌ನಲ್ಲಿ ಆ ಮೀನುಗಾರರು ನೀರಿನಲ್ಲಿರಲೇಬೇಕು. ಸಿಪ್ರಿಯಾನೋ ಅವರ ಮಂಡಿ ಇನ್ನೆಷ್ಟು ವರ್ಷ ಅಲೆ ತಡೆದೀತು? ದೊರೆಗೆ ಪ್ರತಿಮೆಯಿದೆ. ಸೋತ ಮೆಗಲನ್‌ಗೂ ಸ್ಮಾರಕವಿದೆ. ದೊರೆಯ ಜೊತೆ ನಿಂತು ಕಾದಿದವರಿಗೆ ಇರುವುದು ಇದೊಂದು ಬೆಳಗು.

ಇಂತಿ,
ತಮ್ಮಿಂದ ವಜಾಗೊಂಡ ಹೆಣ,
ತೆಯೋಫಿಸ್ಟೋ ಓಮ್ಪಾದ್